ಜುಲೈ ತಿಂಗಳ ತಣ್ಣೀರು

ದುಬೈಯಲ್ಲಿ ನನಗೆ ಅತಿ ಹೆಚ್ಚು ಚಳಿಯಾಗುತ್ತಿದ್ದದ್ದು ಆಗಸ್ಟ್ ತಿಂಗಳಲ್ಲಿ. ಹೊರಗೆ ರಸ್ತೆ ಕಾದ ಕಾವಲಿಯಾಗಿರುತ್ತಿತ್ತು. ನಾನು ಕೆಲಸಕ್ಕಿದ್ದ ಹಲ್ಲಿನ ಕ್ಲಿನಿಕ್ಕಿನ ಒಳಗೆ ಎ.ಸಿ. ನೇರ ನನ್ನ ನೆತ್ತಿಯ ಮೇಲೆ ಬೀಸುತ್ತಿತ್ತು. ರಿಸೆಪ್ಷನ್ನಿನ ಕುರ್ಚಿಯ ಬೆನ್ನಿಗೆ ಒಂದು ಕಾರ್ಡಿಗನ್ ವರ್ಷವಿಡೀ ನೇತಾಡಿಕೊಂಡಿರುತ್ತಿತ್ತು. ಈ ಊರಿನಲ್ಲಿ ಸ್ವೆಟರಿಗೂ ಚಳಿಗಾಲಕ್ಕೂ ಸಂಬಂಧವೇ ಇಲ್ಲ ಎಂದು ಮೊದಮೊದಲು ಅಂದುಕೊಂಡಿದ್ದೆ. ಆಮೇಲೆ ನೋಡಿದರೆ, ಡಿಸೆಂಬರ್ ಕೊನೆಯಿಂದ ಫೆಬ್ರವರಿ ನಡುವಿನ ತನಕ ಇಲ್ಲಿಯವರು ಚಳಿಯನ್ನು ಹಬ್ಬದ ಹಾಗೆ ಮಾಡುತ್ತಾರೆ. ಬೆಳಿಗ್ಗೆ ಒಂದಿಷ್ಟು ಮಂಜು ಕವಿದರೆ ಸಾಕು, ಮಫ್ಲರು, ಮಂಕಿ ಟೋಪಿ, ಕೈಗವಸು ಎಲ್ಲ ಹೊರಗೆ ಬರುತ್ತವೆ. ನಾನು ಹಾಸನದವಳು. ನಮ್ಮ ಕಡೆ ಇಷ್ಟು ಚಳಿಗೆ ಮಕ್ಕಳಿಗೂ ಸ್ವೆಟರ್ ತೊಡಿಸುವುದಿಲ್ಲ. ನನಗೆ ನಗು ಬರುತ್ತಿತ್ತು.

ನಗಬಾರದಿತ್ತು. ನನ್ನ ಗಂಡನ ಬದುಕೇ ಸ್ವೆಟರಿನೊಳಗಿತ್ತು.

ಅವರಿಗೆ ಜೆಬೆಲ್ ಅಲಿ ಬಂದರಿನ ಒಂದು ಕೋಲ್ಡ್ ಸ್ಟೋರೇಜಿನಲ್ಲಿ ಕೆಲಸ. ಹಡಗಿನಿಂದ ಇಳಿದ ಕೋಳಿ, ಮೀನು, ಬಟಾಣಿಯ ಪೆಟ್ಟಿಗೆಗಳನ್ನು ಮೈನಸ್ ಇಪ್ಪತ್ತರ ಕೋಣೆಗಳಲ್ಲಿ ಫೋರ್ಕ್‌ಲಿಫ್ಟಿನಿಂದ ಪೇರಿಸುವುದು, ತೆಗೆಯುವುದು. ಇಪ್ಪತ್ತು ನಿಮಿಷ ಒಳಗೆ, ಹತ್ತು ನಿಮಿಷ ಹೊರಗೆ. ಗಂಟೆ ಬಾರಿಸಿದ ಕೂಡಲೇ ಹೊರಗೆ ಬರಬೇಕು, ಮತ್ತೆ ಬಾರಿಸಿದಾಗ ಒಳಗೆ ಹೋಗಬೇಕು. ಹೊರಗೆ ನಲವತ್ತೈದು ಡಿಗ್ರಿ ಬಿಸಿಲು. ಕಂಪನಿಯವರು ದಪ್ಪನೆಯ ಜಾಕೆಟ್ ಕೊಟ್ಟಿದ್ದರು. ಆದರೆ ಜಾಕೆಟ್ ಗಾಳಿಯನ್ನಷ್ಟೇ ತಡೆಯುತ್ತದೆ, ಎದೆ ಬೆಚ್ಚಗಿಡುವುದು ಒಳಗಿನ ಉಲ್ಲನ್ ಎನ್ನುತ್ತಿದ್ದರು ಅವರು. ಆ ಒಳಗಿನ ಉಲ್ಲನ್ ಸ್ವೆಟರನ್ನು ಹೆಣೆದು ಕೊಡುತ್ತಿದ್ದದ್ದು ಅವರ ಅಕ್ಕ.

ಅಕ್ಕ ಅಬುಧಾಬಿಯ ಒಂದು ಆಸ್ಪತ್ರೆಯಲ್ಲಿ ನರ್ಸು. ಮದುವೆಯಾಗಿರಲಿಲ್ಲ. ತಾಯಿ ತೀರಿಕೊಂಡಾಗ ತಮ್ಮನಿಗೆ ಆರು ವರ್ಷ, ಇವರಿಗೆ ಹದಿನೆಂಟು. ಓದಿಸಿದ್ದು, ವೀಸಾ ಮಾಡಿಸಿ ಕರೆಸಿಕೊಂಡದ್ದು, ನನ್ನನ್ನು ನೋಡಿ ಒಪ್ಪಿ ಮದುವೆ ಮಾಡಿಸಿದ್ದು ಎಲ್ಲ ಇವರೇ. ಕಾನ್ವೆಂಟಿನ ಸಿಸ್ಟರುಗಳ ಹತ್ತಿರ ಹೆಣಿಗೆ ಕಲಿತವರು. ಹಾಸ್ಟೆಲಿನ ಮಂಚದ ಮೇಲೆ, ಬಸ್ಸಿನಲ್ಲಿ, ಡ್ಯೂಟಿಯ ನಡುವೆ ಚಹಾ ಆರುವಷ್ಟು ಹೊತ್ತಿನಲ್ಲಿ, ಎಲ್ಲೆಂದರಲ್ಲಿ ಅವರ ಕಡ್ಡಿಗಳು ಆಡುತ್ತಲೇ ಇರುತ್ತಿದ್ದವು. ವರ್ಷಕ್ಕೊಂದು ಸ್ವೆಟರ್ ತಮ್ಮನಿಗೆ. ಪೆಟ್ಟಿಗೆಗಳಿಗೆ ಉಜ್ಜಿ ಉಜ್ಜಿ ವರ್ಷದೊಳಗೆ ಮೊಣಕೈ ಹರಿದಿರುತ್ತಿತ್ತು. ಹರಿದದ್ದನ್ನೂ ಜೊತೆಯ ಕೆಲಸದವರು ಕೇಳಿ ಒಯ್ಯುತ್ತಿದ್ದರಂತೆ.

ಹೊಸ ಸ್ವೆಟರ್ ಕೊಡುವುದಕ್ಕೂ ಒಂದು ಕ್ರಮ ಇತ್ತು. ಜನವರಿಯ ಒಂದು ಶುಕ್ರವಾರ ಅಕ್ಕ ಅಬುಧಾಬಿಯಿಂದ ಬೆಳಗಿನ ಮೊದಲ ಬಸ್ಸಿಗೆ ಅಲ್ ಐನಿಗೆ ಬರುತ್ತಿದ್ದರು. ನನ್ನ ಗಂಡ ಸ್ನೇಹಿತರ ಕಾರು ಕೇಳಿಕೊಂಡು ದುಬೈಯಿಂದ ಹೋಗುತ್ತಿದ್ದರು. ಇಬ್ಬರೂ ಅಲ್ಲಿನ ಜೆಬೆಲ್ ಹಫೀತ್ ಬೆಟ್ಟವನ್ನು ಕಾರಿನಲ್ಲಿ ಹತ್ತಿ, ತುದಿಯಲ್ಲಿ ಗಾಳಿಗೆ ನಿಂತು, ಅಲ್ಲೇ ಹೊಸ ಸ್ವೆಟರಿನ ಕವರು ಬಿಚ್ಚಬೇಕು, ಅಲ್ಲೇ ತೊಡಬೇಕು. ಆಮೇಲೆ ಫ್ಲಾಸ್ಕಿನ ಚಹಾ. ವರ್ಷವಿಡೀ ಚಳಿಯಲ್ಲಿ ದುಡಿಯುವವನಿಗೆ ರಜೆಯ ದಿನವೂ ಚಳಿಯೇ ಬೇಕಾ ಎಂದು ಮದುವೆಯಾದ ಹೊಸತರಲ್ಲಿ ನಾನು ಕಾಲೆಳೆದಿದ್ದೆ. ಅದು ಗಂಟೆ ಬಾರಿಸದ ಚಳಿ ಎಂದಿದ್ದರು ಗಂಡ. ಬಿಸಿಲು ಬೆನ್ನ ಮೇಲೆ ಇರುತ್ತದೆ, ಚಳಿ ಮುಖದ ಮೇಲೆ ಇರುತ್ತದೆ, ಯಾರೂ ಕರೆಯುವುದಿಲ್ಲ ಎಂದಿದ್ದರು.

ನಾನು ಎರಡು ಸಾವಿರದ ಹನ್ನೆರಡರ ಜೂನ್‌ನಲ್ಲಿ ದುಬೈಗೆ ಹೋದೆ. ಸತ್ವಾ ಬಡಾವಣೆಯ ಒಂದು ಹಳೆಯ ವಿಲ್ಲಾದಲ್ಲಿ ನಮ್ಮದೊಂದು ಕೋಣೆ, ಉಳಿದ ಕೋಣೆಗಳಲ್ಲಿ ಬೇರೆ ಬೇರೆ ಸಂಸಾರ. ಅಡುಗೆಮನೆ, ಬಚ್ಚಲು ಎಲ್ಲರಿಗೂ ಸೇರಿ. ಮೊದಲ ವಾರವೇ ಅಕ್ಕ ನೋಡಲು ಬಂದರು. ಅಕ್ಕ ತಮ್ಮ ಇಬ್ಬರೂ ಕೊಂಕಣಿಯಲ್ಲಿ ಮಾತಿಗೆ ಕೂತರು. ನನಗೆ ಕೊಂಕಣಿ ಬಾರದು, ನಮ್ಮ ಮನೆಯಲ್ಲಿ ಪ್ರಾರ್ಥನೆಯೂ ಕನ್ನಡದಲ್ಲೇ. ಅವರು ನಕ್ಕಾಗ ನಾನೂ ನಗುವುದು, ಅವರು ಸುಮ್ಮನಾದಾಗ ನಾನೂ ಸುಮ್ಮನಾಗುವುದು, ಹೀಗೆ ಒಂದು ಗಂಟೆ ಗೊಂಬೆಯ ಹಾಗೆ ಆಡಿದೆ. ಕೊನೆಗೆ ಅಕ್ಕ ನನ್ನ ಕಡೆ ತಿರುಗಿ ಕನ್ನಡದಲ್ಲಿ ಹೇಳಿದ್ದು ಸ್ವೆಟರಿನ ವಿಷಯ. ಅದನ್ನು ಹಿಂಡಬಾರದು, ನೇತುಹಾಕಬಾರದು, ಟವೆಲಿನ ಮೇಲೆ ಮಲಗಿಸಿ ಒಣಗಿಸಬೇಕು.

ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು. ಹಾಸನದವಳಿಗೆ ಮಂಗಳೂರಿನವರು ಸ್ವೆಟರಿನ ಪಾಠ ಹೇಳುವುದೆಂದರೇನು? “ಕಂಪನಿಯವರೇ ಜಾಕೆಟ್ ಕೊಡ್ತಾರಲ್ಲ ಅಕ್ಕ, ಇದೆಲ್ಲ ಇನ್ನೂ ಯಾಕೆ ಬೇಕು?” ಎಂದುಬಿಟ್ಟೆ. ಅಕ್ಕ ನನ್ನ ಹೆಗಲನ್ನೂ ತೋಳನ್ನೂ ಒಂದು ಸಲ ದಿಟ್ಟಿಸಿ ನೋಡಿದರು. ಅಳೆದು ನೋಡುತ್ತಿದ್ದಾರೆ ಎಂದುಕೊಂಡೆ. ಅಳೆಯುತ್ತಿದ್ದದ್ದು ನಿಜ, ಆದರೆ ನಾನು ತಿಳಿದ ಹಾಗಲ್ಲ ಎಂದು ಗೊತ್ತಾಗಲು ಬಹಳ ವರ್ಷ ಹಿಡಿಯಿತು.

ಸ್ವೆಟರ್ ಒಗೆಯುವುದು ಗಂಡನದೇ ಕೆಲಸವಾಗಿತ್ತು. ಜುಲೈಯ ಒಂದು ಶುಕ್ರವಾರ ಅವರು ಜ್ವರ ಬಂದು ಮಲಗಿದ್ದರು. ಮೀನಿನ ವಾಸನೆ ಹೊಡೆಯುತ್ತಿದ್ದ ಸ್ವೆಟರ್ ಮೂಲೆಯಲ್ಲಿ ಬಿದ್ದಿತ್ತು. ಒಳ್ಳೆಯ ಹೆಂಡತಿ ಅನ್ನಿಸಿಕೊಳ್ಳೋಣ ಎಂದು ಎತ್ತಿಕೊಂಡು ಹೋದೆ. ಉಣ್ಣೆಗೆ ತಣ್ಣೀರೇ ಆಗಬೇಕು ಎಂಬುದನ್ನು ನನಗೆ ಯಾರೂ ಕಲಿಸಬೇಕಿರಲಿಲ್ಲ. ಬಕೆಟಿಗೆ ಸೋಪಿನ ಪುಡಿ ಹಾಕಿ, ಸ್ವೆಟರ್ ಇಟ್ಟು, ನೀಲಿ ಗುರುತಿನ ನಲ್ಲಿಯನ್ನು ತಿರುಗಿಸಿ, ಒಲೆಯ ಮೇಲೆ ಇಟ್ಟಿದ್ದ ಗಂಜಿ ನೋಡಲು ಹೋದೆ.

ಅಲ್ಲಿ ಇದ್ದವರಿಗೆಲ್ಲ ಗೊತ್ತಿರುವುದು ನನಗೆ ಗೊತ್ತಿರಲಿಲ್ಲ. ಬೇಸಿಗೆಯಲ್ಲಿ ತಾರಸಿಯ ಮೇಲಿನ ಟ್ಯಾಂಕು ಬಿಸಿಲಿಗೆ ಕಾದು, ತಣ್ಣೀರಿನ ನಲ್ಲಿಯಲ್ಲಿ ಸುಡುವ ನೀರು ಬರುತ್ತದೆ. ಗೀಸರಿನ ಸ್ವಿಚ್ಚು ಆರಿಸಿಟ್ಟಿರುತ್ತಾರೆ, ಅದರೊಳಗೆ ನಿಂತ ನೀರು ತಣ್ಣಗಿರುತ್ತದೆ. ತಣ್ಣೀರು ಬೇಕಾದರೆ ಕೆಂಪು ನಲ್ಲಿ ತಿರುಗಿಸಬೇಕು. ಗಂಡ ದಿನವೂ ನನ್ನ ಸ್ನಾನಕ್ಕೆ ಹಿಂದಿನ ದಿನವೇ ಬಕೆಟು ತುಂಬಿಸಿ ಆರಲು ಇಡುತ್ತಿದ್ದರು. ಅಡುಗೆಮನೆಯಲ್ಲೂ ಡ್ರಮ್ಮಿನಲ್ಲಿ ತುಂಬಿಟ್ಟ ನೀರೇ ಇತ್ತು, ಹಾಗಾಗಿ ಆ ನೀರು ನನ್ನ ಕೈಗೆ ತಾಗಿದ್ದೇ ಇರಲಿಲ್ಲ. ಬಂದು ನೋಡುವಾಗ ಬಕೆಟು ಹಬೆಯಾಡುತ್ತಿತ್ತು. ಗಾಬರಿಯಲ್ಲಿ ಕೈ ಹಾಕಿ ಎಳೆದೆ, ಉಜ್ಜಿದೆ, ಹಿಂಡಿದೆ, ಮಾಡಬಾರದ್ದನ್ನೆಲ್ಲ ಮಾಡಿದೆ. ನನ್ನ ಕೈಯಲ್ಲಿ ಉಳಿದದ್ದು ಐದಾರು ವರ್ಷದ ಮಗುವಿಗೆ ಆಗುವಷ್ಟು ದೊಡ್ಡ, ಕಂಬಳಿಯ ಹಾಗೆ ಗಟ್ಟಿಯಾದ ಒಂದು ವಸ್ತು.

ಒಂದು ಮಾತು ಹೇಳಲೇಬೇಕು. ಅದನ್ನು ನೋಡಿದ ಮೊದಲ ಗಳಿಗೆಯಲ್ಲಿ, ಗಾಬರಿಯ ಅಡಿಯಲ್ಲಿ ಎಲ್ಲೋ ಒಂಚೂರು ಖುಷಿಯಾಯಿತು. ಅಕ್ಕನ ಸ್ವೆಟರ್ ಇಲ್ಲದ ಗಂಡ ನನ್ನವರಾಗುತ್ತಾರೆ ಎಂಬಂಥ ಹೊಟ್ಟೆಕಿಚ್ಚಿನ ಖುಷಿ. ಇಪ್ಪತ್ತನಾಲ್ಕು ವರ್ಷದವಳಿಗೆ ಅಷ್ಟೇ ಬುದ್ಧಿ. ಅದನ್ನು ಕವರಿಗೆ ತುರುಕಿ ಬೀದಿಯ ಕಸದ ಡಬ್ಬಿಗೆ ಎಸೆದು ಬಂದೆ. ಗಂಡ ಎದ್ದು ಕೇಳಿದಾಗ, ತಾರಸಿಯ ಮೇಲೆ ಹಗ್ಗಕ್ಕೆ ಹಾಕಿದ್ದೆ, ಧೂಳುಗಾಳಿಗೆ ಹಾರಿಹೋಯಿತು ಎಂದೆ. ಅವತ್ತು ಗಾಳಿ ಇದ್ದದ್ದೂ ನಿಜ.

ಜ್ವರದ ಮೈಯಲ್ಲೇ ಅವರು ಹುಡುಕಲು ಹೊರಟರು. ಎರಡು ದಿನ ಅಕ್ಕಪಕ್ಕದ ಗಲ್ಲಿ, ಪಕ್ಕದ ವಿಲ್ಲಾಗಳ ಅಂಗಳ, ತಾರಸಿಗಳನ್ನೆಲ್ಲ ಹತ್ತಿ ಇಳಿದು ನೋಡಿ ಬಂದರು. ಬೆವರಿ ತೊಯ್ದು ಬಂದವರಿಗೆ ಮಜ್ಜಿಗೆ ಕೊಟ್ಟೆ. ಬಾಯಿ ತನಕ ಬಂದದ್ದನ್ನು ನುಂಗಿಕೊಂಡೆ. ಅಕ್ಕನಿಗೆ ಫೋನಿನಲ್ಲಿ ಹೇಳಿದವರೂ ಅವರೇ. ಅಕ್ಕ ಹೋಗಲಿ ಬಿಡು ಎಂದರಂತೆ.

ಜನವರಿ ಬಂತು. ಮೊದಲ ಸಲ ನಾನೂ ಬೆಟ್ಟಕ್ಕೆ ಹೋದೆ. ಅಕ್ಕ ಹೊಸದನ್ನು ತಂದೇ ತರುತ್ತಾರೆ, ಅಲ್ಲಿಗೆ ಈ ಪಾಪ ತೊಳೆದುಹೋಗುತ್ತದೆ ಎಂದು ನಂಬಿದ್ದೆ. ಅಲ್ ಐನಿನ ಬಸ್ ಸ್ಟ್ಯಾಂಡಿನಲ್ಲಿ ಅಕ್ಕ ತಾವೇ ಹೆಣೆದ ಬೂದು ಬಣ್ಣದ ಕಾರ್ಡಿಗನ್ ತೊಟ್ಟು ಇಳಿದರು. ಕೈಯಲ್ಲಿ ಫ್ಲಾಸ್ಕು ಮಾತ್ರ ಇತ್ತು. ಬೆಟ್ಟದ ತುದಿಯಲ್ಲಿ ಗಾಳಿ ಕಿವಿ ಕೊರೆಯುತ್ತಿತ್ತು. ಕೆಳಗೆ ಊರು ಮಂಜಿನೊಳಗೆ ಮುಳುಗಿತ್ತು, ಅಲ್ಲೊಂದು ಇಲ್ಲೊಂದು ಖರ್ಜೂರದ ತೋಟ ಕಪ್ಪಗೆ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ನನಗೂ ಅದು ಇಷ್ಟವಾಯಿತು. ನಾನು ಹುಟ್ಟಿದ ಊರಿನ ಚಳಿ ಕೆಲಸ ಹಚ್ಚುವ ಚಳಿ, ಒಲೆ ಉರಿಸು, ನೀರು ಕಾಯಿಸು ಎನ್ನುವ ಚಳಿ. ಇಲ್ಲಿ ಮೂಗು ಕೆಂಪಾಗಿಸಿಕೊಂಡು ಸುಮ್ಮನೆ ನಿಂತರಾಯಿತು. ಸುತ್ತ ಹತ್ತಾರು ಸಂಸಾರಗಳು, ಎಲ್ಲ ದೇಶದವರು, ಬಣ್ಣಬಣ್ಣದ ಉಲ್ಲನ್ ತೊಟ್ಟು, ಕೈ ಉಜ್ಜಿಕೊಂಡು ನಗುತ್ತಿದ್ದರು.

ಗಂಡ ಅಂಗಡಿಯಲ್ಲಿ ಕೊಂಡ ಸ್ವೆಟರ್ ತೊಟ್ಟಿದ್ದರು. ಅಕ್ಕ ಅದರ ತೋಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿದರು. “ಮಿಷಿನಿನದ್ದು” ಎಂದಷ್ಟೇ ಹೇಳಿ ಚಹಾ ಬಗ್ಗಿಸಿದರು.

ಮುಂದಿನ ವರ್ಷವೂ ಏನೂ ತರಲಿಲ್ಲ, ಅದರ ಮುಂದಿನ ವರ್ಷವೂ ಇಲ್ಲ. ಸತ್ವಾದ ನಮ್ಮ ಕೋಣೆಗೆ ಬರುವುದೂ ಕಡಿಮೆಯಾಯಿತು. ಬಂದರೆ ಮಂಚದ ಮೇಲೆ ಕೂರುತ್ತಿರಲಿಲ್ಲ, ಪ್ಲಾಸ್ಟಿಕ್ ಕುರ್ಚಿಯ ತುದಿಯಲ್ಲಿ ಕೂತು ಚಹಾ ಕುಡಿದು ಬಸ್ಸಿಗೆ ಹೊತ್ತಾಯಿತು ಎನ್ನುತ್ತಿದ್ದರು. ಎಷ್ಟು ಜಂಬ ನೋಡಿ, ಒಂದು ಸ್ವೆಟರ್ ಕಳೆದದ್ದಕ್ಕೆ ಎಷ್ಟು ವರ್ಷದ ಮುನಿಸು ಎಂದು ನಾನು ಗಂಡನ ಮುಂದೆ ಗೊಣಗುತ್ತಿದ್ದೆ. ಗಂಡ ಪ್ರತಿ ಚಳಿಗಾಲ ಕೆಮ್ಮಿಕೊಂಡು ಕೆಲಸಕ್ಕೆ ಹೋಗುತ್ತಿದ್ದರು. ಕೆಮ್ಮಿದಾಗಲೆಲ್ಲ ನನಗೆ ಚುಚ್ಚಿದ ಹಾಗಾಗುತ್ತಿತ್ತು. ಸುಳ್ಳು ಹಳೆಯದಾದಷ್ಟೂ ಬಾಯಿಬಿಡುವುದು ಕಷ್ಟವಾಗುತ್ತಾ ಹೋಯಿತು. ಮೊದಲ ವಾರ ಹೇಳಿದ್ದರೆ ಬೈಗುಳ ತಿಂದು ಮುಗಿಯುತ್ತಿತ್ತು. ಮೂರು ವರ್ಷವಾದ ಮೇಲೆ, ಒಗೆದು ಹಾಳು ಮಾಡಿದ್ದಕ್ಕಿಂತ ಇಷ್ಟು ದಿನ ಮುಚ್ಚಿಟ್ಟದ್ದೇ ದೊಡ್ಡ ತಪ್ಪಾಗಿ ನಿಂತಿತ್ತು.

ಎರಡು ಸಾವಿರದ ಹದಿನೈದರ ಕೊನೆಗೆ ಅಕ್ಕನ ಎದೆಯಲ್ಲಿ ಗಂಟು ಸಿಕ್ಕಿತು. ಅವರದೇ ಆಸ್ಪತ್ರೆಯಲ್ಲಿ ಆಪರೇಷನ್ ಆಯಿತು, ಆಮೇಲೆ ಕಿಮೋ. ಆ ಜನವರಿ ಬೆಟ್ಟಕ್ಕೆ ಯಾರೂ ಹೋಗಲಿಲ್ಲ. ಪ್ರತಿ ಶುಕ್ರವಾರ ನಾನು ಬಸ್ಸಿನಲ್ಲಿ ಅಬುಧಾಬಿಗೆ ಹೋಗಿ, ಹಾಸ್ಟೆಲಿನ ಅಡುಗೆಮನೆಯಲ್ಲಿ ಗಂಜಿ ಬೇಯಿಸಿ, ಒಂದು ತುಂಡು ಉಪ್ಪಿನಕಾಯಿ ಜೊತೆ ಕೊಟ್ಟು, ಬಟ್ಟೆ ಒಗೆದಿಟ್ಟು ಬರುತ್ತಿದ್ದೆ. ಕೂದಲು ಹೋಗಿತ್ತು. ಅದಕ್ಕೆ ಅವರು ಅಳಲಿಲ್ಲ. ಆದರೆ ಔಷಧಿಯಿಂದ ಬೆರಳ ತುದಿಗಳು ಮರಗಟ್ಟಿಹೋದವು. ಚಮಚ ಜಾರಿ ಬೀಳುತ್ತಿತ್ತು. ಒಂದು ದಿನ ನಾನು ಹೋದಾಗ ಹೆಣಿಗೆಯ ಕಡ್ಡಿಗಳನ್ನು ಕೈಯಲ್ಲಿ ಹಿಡಿದು ಕೂತಿದ್ದರು. ಕಡ್ಡಿ ಕೈಯಲ್ಲಿ ಇದೆಯೋ ಇಲ್ಲವೋ ಎಂದು ನೋಡಿದರೆ ಮಾತ್ರ ಗೊತ್ತಾಗುವುದು ಎಂದರು. ಮುಂದಿನ ವಾರ ಆ ಕಡ್ಡಿಗಳು, ಉಲ್ಲನ್ ಉಂಡೆಗಳು ಇರಲಿಲ್ಲ. ಒಬ್ಬ ಮಲಯಾಳಿ ನರ್ಸಿಗೆ ಎಲ್ಲವನ್ನೂ ಕೊಟ್ಟುಬಿಟ್ಟಿದ್ದರು.

ಆ ಒಂದು ವರ್ಷದಲ್ಲಿ ನಾವಿಬ್ಬರೂ ಮೊದಲ ಬಾರಿಗೆ ಹತ್ತಿರವಾದೆವು. ನನಗೆ ನಾಲ್ಕು ಮಾತು ಕೊಂಕಣಿ ಕಲಿಸಿ, ನನ್ನ ಉಚ್ಚಾರ ಕೇಳಿ ನಗುತ್ತಿದ್ದರು. ಅವರ ಜೊತೆ ನಕ್ಕು ಬಸ್ಸು ಹತ್ತಿದ ಮೇಲೆ, ಹಿಂದಿರುಗುವ ದಾರಿಯುದ್ದಕ್ಕೂ ಆ ಕಸದ ಡಬ್ಬಿ ಕಣ್ಣ ಮುಂದೆ ಬರುತ್ತಿತ್ತು.

ಎರಡು ಸಾವಿರದ ಹದಿನೇಳರ ಆರಂಭಕ್ಕೆ ಅವರ ಕೆಲಸ ಮುಗಿಯಿತು. ವೀಸಾ ರದ್ದಾಗುವುದಿತ್ತು, ಫೆಬ್ರವರಿಗೆ ಟಿಕೆಟ್ಟಾಯಿತು. ರೋಗ ಬೆನ್ನುಮೂಳೆಗೆ ಬಂದಿದೆ ಎಂದು ನರ್ಸಾದ ಅವರಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಹೋಗುವ ಮೊದಲು ಒಮ್ಮೆ ಬೆಟ್ಟಕ್ಕೆ ಹೋಗಬೇಕು, ಸರಿಯಾದ ಚಳಿ ಇರುವ ದಿನ ನೋಡು ಎಂದು ತಮ್ಮನಿಗೆ ಹೇಳಿದರು. ಹೇಳದೆ ಇವರನ್ನು ವಿಮಾನ ಹತ್ತಿಸಬಾರದು ಎಂದು ನಾನು ಆಗಲೇ ನಿರ್ಧಾರ ಮಾಡಿದೆ.

ಅವತ್ತು ಒಳ್ಳೆಯ ಚಳಿಯೇ ಇತ್ತು. ಅಕ್ಕ ಅದೇ ಬೂದು ಕಾರ್ಡಿಗನ್ ತೊಟ್ಟಿದ್ದರು, ತಲೆಗೆ ಉಲ್ಲನ್ ಟೋಪಿ. ಕಾರ್ಡಿಗನ್ ಒಳಗೆ ಮೈ ಎಲ್ಲಿದೆ ಎಂದು ಹುಡುಕಬೇಕಿತ್ತು. ತುದಿಯ ಗಿಡ್ಡ ಗೋಡೆಗೆ ಒರಗಿಸಿ ಕೂರಿಸಿದೆವು. ಕಣ್ಣು ಮುಚ್ಚಿ ಮುಖವನ್ನು ಗಾಳಿಗೆ ಒಡ್ಡಿಕೊಂಡರು. ಬೆರಳಿಗೆ ಏನೂ ತಿಳಿಯುವುದಿಲ್ಲ, ಮುಖಕ್ಕೆ ತಿಳಿಯುತ್ತದೆ, ಅಷ್ಟು ಸಾಕು ಎಂದರು. ಗಂಡ ಫ್ಲಾಸ್ಕು ತರಲು ಕಾರಿನ ಕಡೆ ಹೋದರು. ಕಾರು ದೂರ ನಿಲ್ಲಿಸಿದ್ದೆವು.

ನಾನು ಹೇಳಿದೆ. ಜ್ವರ, ಬಕೆಟು, ನೀಲಿ ನಲ್ಲಿ, ಕಸದ ಡಬ್ಬಿ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಹೊಟ್ಟೆಕಿಚ್ಚಿನ ಆ ಖುಷಿಯನ್ನು ಮಾತ್ರ ಬಿಟ್ಟೆ. ಅದನ್ನು ಇಲ್ಲಿ ಬರೆಯುವವರೆಗೂ ಯಾರಿಗೂ ಹೇಳಿಲ್ಲ.

ಅಕ್ಕ ಕಣ್ಣು ತೆರೆದು ನನ್ನನ್ನೇ ನೋಡಿದರು. “ನಲ್ಲಿ ನೀರಾ?” ಎಂದರು. “ಬರೀ ನಲ್ಲಿ ನೀರಾ ಮಾರಾಯ್ತಿ?”

ನನಗೆ ಅರ್ಥವಾಗಲಿಲ್ಲ.

“ಹಾರಿ ಹೋದದ್ದಲ್ಲ ಅಂತ ನಂಗೆ ಅವತ್ತೇ ಗೊತ್ತಾಗಿದೆ. ಒದ್ದೆ ಸ್ವೆಟರ್ ಎಷ್ಟು ಭಾರ ಇರ್ತದೆ ಹೇಳು. ಗಾಳಿಗೆ ಹಾರ್ಲಿಕ್ಕೆ ಅದೆಂತ ಕರ್ಚೀಫಾ?” ಸ್ವಲ್ಪ ದಮ್ಮು ಕಟ್ಟಿತು. ಉಸಿರೆಳೆದುಕೊಂಡು ಮತ್ತೆ ಹೇಳಿದರು. “ನೀನು ಬೇಕೂಂತಲೇ ಬಿಸಾಡಿದ್ದು ಅಂತ ಎಣಿಸಿದ್ದೆ. ಇದೆಲ್ಲ ಯಾಕೆ ಅಂತ ಕೇಳಿದ್ದಿ ನೋಡು ನೀನು. ನಾನು ಮಧ್ಯೆ ಬರುವುದು ನಿಂಗೆ ಬೇಡ, ಅದನ್ನು ಹೀಗೆ ಹೇಳಿದ್ದು ಅಂತ ತಿಳ್ಕೊಂಡೆ. ಅದಕ್ಕೇ ಮತ್ತೆ ಮಾಡಲಿಲ್ಲ.”

ನಾನು ಇಲ್ಲ ಅಕ್ಕ, ಇಲ್ಲ ಅಕ್ಕ ಎನ್ನುತ್ತಲೇ ಇದ್ದೆ. ನನ್ನ ಸುಳ್ಳು ಅವರಿಗೆ ಅವತ್ತೇ ಸಿಕ್ಕಿಬಿದ್ದಿತ್ತು. ಸುಳ್ಳಿನ ಹಿಂದೆ ಏನಿದೆ ಎಂದು ಅವರು ತಾವೇ ಊಹಿಸಿಕೊಂಡಿದ್ದರು. ಆ ಊಹೆಯನ್ನು ಇಟ್ಟುಕೊಂಡು ನಾಲ್ಕೂವರೆ ವರ್ಷ ಕುರ್ಚಿಯ ತುದಿಯಲ್ಲಿ ಕೂತಿದ್ದರು. ಅದನ್ನೇ ನಾನು ಜಂಬ ಎಂದಿದ್ದೆ.

“ನಿಂಗೂ ಒಂದು ಶುರು ಮಾಡಿದ್ದೆ” ಎಂದರು ಅಕ್ಕ. “ಹೊಸಬಳದ್ದು ಮೊದಲು, ಅವನದ್ದು ಆಮೇಲೆ ಅಂತ. ಬೆನ್ನು ಮುಗಿದು ಒಂದು ಕೈ ಆಗಿತ್ತು. ಅವ ಫೋನ್ ಮಾಡಿದ ದಿನ ಬಿಚ್ಚಿದೆ.”

ಯಾವ ಬಣ್ಣ ಎಂದು ಕೇಳಿದೆ. ಯಾಕೆ ಕೇಳಿದೆನೋ ಗೊತ್ತಿಲ್ಲ.

“ನೀಲಿ. ವಾರ್ಡಿನ ಮಕ್ಕಳಿಗೆ ಟೊಪ್ಪಿ ಮಾಡಿ ಮುಗಿಸಿದೆ. ಒಂದು ಮಾತು ಹೇಳಿದ್ರೆ ಆಗ್ತಿತ್ತು ನೀನು. ಹದಿನೈದು ದಿನದಲ್ಲಿ ಇನ್ನೊಂದು ಮಾಡಿ ಕೊಡ್ತಿದ್ದೆ. ಆಗ ಕೈ ಇತ್ತು.”

ಗಾಳಿ ಜೋರಾಯಿತು. ಅಕ್ಕನ ಕಾರ್ಡಿಗನ್ನಿನ ಮೇಲಿನ ಗುಂಡಿಗಳು ಬಿಚ್ಚಿದ್ದವು. ಹಾಕಿಕೊಳ್ಳಲು ನೋಡಿದರು. ಬೆರಳು ಗುಂಡಿಯನ್ನು ಹುಡುಕಿ ಹುಡುಕಿ ಜಾರುತ್ತಿತ್ತು. ನಾನು ಮುಂದೆ ಕೂತು ಒಂದೊಂದಾಗಿ ಹಾಕಿದೆ. ಕಣ್ಣೀರಿನಲ್ಲಿ ನನಗೂ ಗುಂಡಿ ಕಾಣುತ್ತಿರಲಿಲ್ಲ. ಅವರು ತಡೆಯಲಿಲ್ಲ. ನನ್ನ ತಲೆಯ ಮೇಲೆ ಕೈ ಇಟ್ಟರು. ಆ ಕೈಗೆ ನನ್ನ ತಲೆ ತಾಗಿದ್ದು ತಿಳಿಯಿತೋ ಇಲ್ಲವೋ ಗೊತ್ತಿಲ್ಲ. ಗಂಡ ಚಹಾ ತಂದು ನನ್ನ ಮುಖ ನೋಡಿದರು. ಚಳಿಗೆ ಮೂಗು ಸೋರುತ್ತಿದೆ ಎಂದೆ.

ಅಕ್ಕ ಊರಿಗೆ ಹೋಗಿ ಆ ಮಳೆಗಾಲದಲ್ಲೇ ತೀರಿಕೊಂಡರು. ಗಂಡ ಹೋಗಿ ಮಣ್ಣು ಹಾಕಿ ಬಂದರು. ಬಂದ ಎರಡು ದಿನದ ಮೇಲೆ ಅವರಿಗೂ ಹೇಳಿದೆ. ಬಿಸಿಲಿನಲ್ಲಿ ಎರಡು ದಿನ ಹುಡುಕಿಸಿದೆಯಲ್ಲ ಎಂದು ಬೈಯುತ್ತಾರೆಂದು ಕಾದೆ. ಅವಳಿಗೆ ಹೇಳಿದ್ದೆಯಾ ಎಂದು ಮಾತ್ರ ಕೇಳಿದರು. ಹೇಳಿದ್ದೆ ಎಂದೆ. ಯಾವಾಗ ಎಂದರು. ಈ ಜನವರಿಯಲ್ಲಿ ಎಂದೆ. ಅವರು ಎದ್ದು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. ಬಹಳ ಹೊತ್ತು ನಲ್ಲಿ ಹರಿಯುವ ಸದ್ದು ಕೇಳುತ್ತಿತ್ತು.

ಈಗಲೂ ಚಳಿ ಬಂದರೆ ನಾನು ಉಲ್ಲನ್ ತೊಟ್ಟು ಹೊರಗೆ ನಿಲ್ಲುತ್ತೇನೆ, ಖುಷಿಯೂ ಆಗುತ್ತದೆ. ಚಿಕ್ಕಂದಿನಲ್ಲಿ ತೊಟ್ಟದ್ದು ಹಾಸನದ ರಸ್ತೆ ಬದಿಯಲ್ಲಿ ಟಿಬೆಟಿನವರು ಮಾರುತ್ತಿದ್ದ ಸ್ವೆಟರುಗಳು, ಆಮೇಲೆ ತೊಟ್ಟವೆಲ್ಲ ಅಂಗಡಿಯವು. ನನ್ನ ಅಳತೆಗೆ ಕೈಯಲ್ಲಿ ಹೆಣೆದದ್ದು ಒಂದೂ ಇಲ್ಲ. ಒಬ್ಬರು ಹೆಣೆಯುತ್ತಿದ್ದರು. ಬೆನ್ನು ಮುಗಿದು ಒಂದು ಕೈ ಆಗಿತ್ತು.